ಕಿವಿಯಿಲ್ಲದ ಅರಸರು

ಬೆಳಗಿನ ಬೇಳೆಯಲ್ಲಿ ಕಲ್ಲು ಸಿಕ್ಕಿತು. ಹಲ್ಲಿನ ನಡುವೆ ಕಟಕ್ ಎಂದು ಸದ್ದಾದಾಗ ದೆನ್ಹೊ ಅಗಿಯುವುದನ್ನು ನಿಲ್ಲಿಸಿ, ಏನೂ ಆಗದವನಂತೆ ನುಂಗಿಬಿಡೋಣ ಎಂದುಕೊಂಡ, ನುಂಗಿಯೂ ಬಿಟ್ಟ. ಆದರೆ ಒಲೆಯ ಕಡೆ ಮುಖ ಮಾಡಿ ಕೂತಿದ್ದ ಹೆಂಡತಿ ಶಮುನಿಗೆ ಮೂವತ್ತು ವರ್ಷದಲ್ಲಿ ಗಂಡನ ದವಡೆಯ ಸದ್ದು ಬೆನ್ನಿಗೂ ಕೇಳುವಷ್ಟು ಅಭ್ಯಾಸವಾಗಿತ್ತು.

"ಕಲ್ಲಾ?"

"ಇಲ್ಲಪ್ಪ."

"ನಿನ್ನೆ ಬೇಳೆ ಆರಿಸಿದ್ದು ಯಾರು?"

"ನಾನೇ. ನೀನೇ ತಾನೆ ಮೊರ ಕೈಗೆ ಕೊಟ್ಟದ್ದು?"

"ಅದಕ್ಕೇ ಕೇಳಿದೆ," ಎಂದಳು ಶಮುನಿ. ತಿರುಗಿ ನೋಡಲೂ ಇಲ್ಲ. "ಬೇಕೂಂತಲೇ ಕೊಟ್ಟಿದ್ದೆ."

ಅಂದರೆ ಇವಳಿಗೆ ಗೊತ್ತು. ದೆನ್ಹೊ ರೊಟ್ಟಿಯ ಚೂರನ್ನು ದ್ರಾಕ್ಷಿಪಾಕದಲ್ಲಿ ಅದ್ದಿ, ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡಿದ್ದ. ಎಷ್ಟು ದಿನದಿಂದ ಗೊತ್ತೋ. ಮೂರು ವರ್ಷದಿಂದ ಅವನಿಗೆ ಹತ್ತಿರದ್ದೆಲ್ಲ ಮಂಜು: ಸೂಜಿಯ ಕಣ್ಣು, ತಟ್ಟೆಯ ಗೋಧಿನುಚ್ಚು, ತನ್ನದೇ ಬೆರಳ ತುದಿ. ಮಾರ್ದೀನಿನ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೊರೆಯುವವನಿಗೆ ಬೆರಳ ತುದಿ ಕಾಣದೆ ಹೋದರೆ ಉಳಿಯುವುದೇನು? ಅವನು ಯಾರಿಗೂ ಹೇಳಿರಲಿಲ್ಲ. ಹೆಬ್ಬೆರಳ ಉಗುರಿನಿಂದ ಸವರಿ ಸವರಿ ಕಂಚಿನಲ್ಲಿ ಅರಸರ ತಲೆ ಕೊರೆಯುತ್ತಿದ್ದ. ಮೂಗು ಉಗುರಿಗೆ ಸಿಗುತ್ತಿತ್ತು, ಗದ್ದ ಸಿಗುತ್ತಿತ್ತು, ಹುಬ್ಬೂ ಸಿಗುತ್ತಿತ್ತು. ಕಿವಿ ಮಾತ್ರ ಜಪ್ಪಯ್ಯ ಎಂದರೂ ಸಿಗಲಿಲ್ಲ. ಕಿವಿಯೆಂಬುದು ಸುಳಿಯೊಳಗಿನ ಸುಳಿ. ಹಾಗಾಗಿ ಮೂರು ವರ್ಷದಿಂದ ಹೊರಬಿದ್ದ ತಾಮ್ರದ ನಾಣ್ಯಗಳಲ್ಲಿ ಎಲ್ಲ ಅರಸರಿಗೂ ಕಿವಿ ಮುಚ್ಚುವಂತೆ ಗುಂಗುರು ಕೂದಲು ಇಳಿದಿತ್ತು. ಪೇಟೆಯವರಿಗೆ ಅದು ಬಹಳ ಹಿಡಿಸಿತು. 'ದೆನ್ಹೊನ ಗುಂಗುರು' ಎಂದು ಹೆಸರೇ ಬಿತ್ತು. ಕುದುರೆ ಜೀನು ಹೊಲಿಯುವವರ ಬೀದಿಯ ಇಬ್ಬರು ಪಡ್ಡೆಗಳು ಹಾಗೇ ಕೂದಲು ಬಿಟ್ಟುಕೊಂಡು ತಿರುಗುತ್ತಿದ್ದರು. ಯಾರಾದರೂ ಅದನ್ನು ಹೊಗಳಿದಾಗಲೆಲ್ಲ ದೆನ್ಹೊ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ತನ್ನ ಕಿವಿ ಮುಟ್ಟಿಕೊಳ್ಳುತ್ತಿದ್ದ.

"ನಿಮ್ಮಣ್ಣನಿಗೊಂದು ಮಾತು ಹೇಳಿದ್ರೆ ಏನು ಗಂಟು ಹೋಗತ್ತೆ?" ಎಂದಳು ಶಮುನಿ.

"ಯಾವ ಮಾತು?"

"ಯಾವುದಾದ್ರೂ. 'ಚಳಿ ಅಲ್ವಾ' ಅಂತ್ಲಾದ್ರೂ ಹೇಳಿ. ಹನ್ನೊಂದು ವರ್ಷ ಆಯ್ತು."

"ಈಗ ಬೇಸಿಗೆ," ಎಂದು ದೆನ್ಹೊ ಎದ್ದುಬಿಟ್ಟ.

ಹೊರಗೆ ಬಂದರೆ ಬೆಟ್ಟದ ಮೈಗೆ ಅಂಟಿಕೊಂಡ ಊರು, ಮೇಲೆ ಕೋಟೆ, ಕೆಳಗೆ ಬಯಲು. ಮನೆಯ ಮೆಟ್ಟಿಲ ಮೇಲೆ ನಿಂತಾಗ ಪ್ರತಿದಿನವೂ ಅವನ ಎದೆ ಹಗುರವಾಗುತ್ತಿತ್ತು, ಇವತ್ತೂ ಆಯಿತು; ಏಕೆಂದರೆ ದೂರದ್ದು ಅವನಿಗೆ ಹದ್ದಿನ ಕಣ್ಣು. ಬಯಲಿನಲ್ಲಿ ಹರದಾರಿ ಆಚೆ ಹೋಗುತ್ತಿದ್ದ ಕುರಿಮಂದೆಯ ಹಿಂದಿನ ಕುಂಟು ಕುರಿಯೂ ಕಾಣುತ್ತಿತ್ತು. ಎಂಥ ಬೆಳಕು! ಬಾದಾಮಿ ಮರಗಳ ನೆರಳು ಒಂದೊಂದೂ ಬೇರೆ ಬೇರೆ. ಹಿಸ್ನ್‌ಕೈಫಾ ಊರಿನ ದಾರಿ ಮಾತ್ರ ಬೆಟ್ಟದ ಹಿಂದಕ್ಕೆ ತಿರುಗಿ ಮರೆಯಾಗಿತ್ತು. ನಾಡಿದ್ದು ಆ ದಾರಿಯಲ್ಲೇ ಊರನ್ನಾಳುವ ಅಮೀರರ ದಾಯಾದಿ ಬರುವವನಿದ್ದ. ಎರಡು ಮನೆಗಳೂ ಮುಖ ನೋಡದೆ ಇದ್ದದ್ದು ಎಷ್ಟು ವರ್ಷವೋ, ಈಗ ರಾಜಿಯಾಗಿತ್ತು. ದಾಯಾದಿ ಹೆಬ್ಬಾಗಿಲು ದಾಟುವಾಗ ಬುರುಜಿನಿಂದ ಜನರ ಮೇಲೆ ಹೊಸ ನಾಣ್ಯ ಚೆಲ್ಲಬೇಕು, ಅದರಲ್ಲಿ ಎರಡು ತಲೆಗಳು ಒಬ್ಬರನ್ನೊಬ್ಬರು ನೋಡುತ್ತಿರಬೇಕು ಎಂದು ಕೋಟೆಯಿಂದ ಅಪ್ಪಣೆ ಬಂದಿತ್ತು. ತಲೆಗಳು ಯಾರವೂ ಅಲ್ಲ. ರೋಮಿನ ಹಳೆಯ ಬೆಳ್ಳಿನಾಣ್ಯವೊಂದರ ಮೇಲಿದ್ದ, ಸತ್ತು ಸಾವಿರ ವರ್ಷವಾದ ಯಾರೋ ಇಬ್ಬರು ಅರಸರವು. ಬದುಕಿರುವ ಅಮೀರರ ಮೂಗು ಕೊರೆದು ಕಷ್ಟಕ್ಕೆ ಸಿಕ್ಕಿಕೊಳ್ಳುವವರು ಯಾರು? ಸತ್ತವರು ನನ್ನ ಮೂಗು ಹೀಗಿರಲಿಲ್ಲ ಎಂದು ಜಗಳಕ್ಕೆ ಬರುವುದಿಲ್ಲ. ಇದು ಅಣ್ಣ ಬರ್ಸೊಮನ ಮಾತು. ಅವನ ಮಾತುಗಳೆಲ್ಲ ಹೀಗೇ, ಬೇಡವೆಂದರೂ ದಾರಿಯಲ್ಲಿ ಜೊತೆಗೆ ಬರುತ್ತವೆ.

ಅಣ್ಣನೇ ಕೈಹಿಡಿದು ಕಲಿಸಿದವನು. ನೀರಿನ ಬೋಗುಣಿಯ ಮುಂದೆ ಕೂರಿಸಿ, ನೋಡು, ನೀನು ಬಲಗೈ ಎತ್ತಿದರೆ ಅವನು ಎಡಗೈ ಎತ್ತುತ್ತಾನೆ, ಅಚ್ಚು ಅಂದರೆ ಅವನು, ನಾಣ್ಯ ಅಂದರೆ ನೀನು, ಎಂದು ತಲೆಗೆ ಮೊಟಕಿ ಮೊಟಕಿ ಹೇಳಿದ್ದ. ಅಚ್ಚಿನ ಪೀಠದ ಮೇಲೆ ಆಗ ಕೂರುತ್ತಿದ್ದವನು ಬರ್ಸೊಮ್. ಆಮೇಲೊಂದು ವಸಂತದಲ್ಲಿ, ಟಂಕಸಾಲೆಯ ಮೇಲ್ವಿಚಾರಕ ಮುಹಜ್ಜಬ್ ಸಾಹೇಬರ ಅಂಗಳದಲ್ಲಿ, ಹಿಮ ಹಾಕಿದ ದ್ರಾಕ್ಷಿರಸದ ಬಟ್ಟಲು ಕೈಯಲ್ಲಿ ಹಿಡಿದುಕೊಂಡು ತಾನು ಹೇಳಿದ್ದ ಮಾತು: 'ಅಣ್ಣನಿಗೆ ಹತ್ತಿರದ್ದು ಕಾಣುತ್ತಿಲ್ಲ ಸಾಹೇಬ್ರೆ, ಪಾಪ, ನನಗೇ ಸಂಕಟ ಆಗತ್ತೆ.' ಪಾಪ ಎಂದಿದ್ದ. ಸಂಕಟವೂ ಸುಳ್ಳಲ್ಲ. ಆದರೆ ಆ ಮಾತು ಹೇಳುವಾಗ ನಾಲಿಗೆಗೆ ದ್ರಾಕ್ಷಿರಸ ಇನ್ನಷ್ಟು ಸಿಹಿಯಾದದ್ದೂ ಸುಳ್ಳಲ್ಲ. ಮರುವಾರ ಪೀಠ ಇವನಿಗೆ ಬಂತು. ಬರ್ಸೊಮ್ ಒಂದೂ ಮಾತಾಡದೆ ತನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ತಮ್ಮನ ಮುಂದಿಟ್ಟು, ಕೆಳಗಿನ ಕುಲುಮೆಗೆ ಇಳಿದುಹೋಗಿ ನಾಣ್ಯದ ಬಿಲ್ಲೆ ಎರೆಯಲು ಕೂತ. ಅಂದಿನಿಂದ ಮಾತಿಲ್ಲ. ಇಗರ್ಜಿಯಲ್ಲೂ, ಪಾದ್ರಿ ಕೊಟ್ಟ ಶಾಂತಿಯನ್ನು ಪಕ್ಕದವರ ಅಂಗೈ ಮುಟ್ಟಿ ಒಬ್ಬರಿಂದೊಬ್ಬರಿಗೆ ದಾಟಿಸುವಾಗ, ಇಬ್ಬರ ನಡುವೆ ಒಬ್ಬ ನಿಂತಿರುವಂತೆ ಇಬ್ಬರೂ ನೋಡಿಕೊಳ್ಳುತ್ತಿದ್ದರು. ಹನ್ನೊಂದು ವರ್ಷ ಅಣ್ಣನ ಶಾಂತಿ ಯಾರ್ಯಾರದೋ ಬೆವರಿನ ಅಂಗೈ ದಾಟಿ ಬಂದಿತ್ತು. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು, ಬೈದಿದ್ದರೂ ಸಾಕಿತ್ತು. ಬೈಗುಳವನ್ನೇ ಹಬ್ಬದೂಟದಂತೆ ತಿನ್ನುತ್ತಿದ್ದೆ ಎಂದುಕೊಳ್ಳುತ್ತ ದೆನ್ಹೊ ಟಂಕಸಾಲೆಯ ಬಾಗಿಲಿಗೆ ತಲೆ ಬಗ್ಗಿಸಿದ.

ಒಳಗೆ ಸುತ್ತಿಗೆಯ ಕರಾಜ ಆಗಲೇ ಅಡಿಯಚ್ಚನ್ನು ದಿಮ್ಮಿಗೆ ಕೂರಿಸಿ, ತೋಳಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದ. ಕರಾಜ ತುರ್ಕಮಾನ ಆಳು, ಬಾಗಿಲಿನಷ್ಟು ಅಗಲ, ನಗುವೂ ಅಷ್ಟೇ ಅಗಲ. ಕೆಳಗಿನಿಂದ ಬರ್ಸೊಮ್ ಕಾದ ಬಿಲ್ಲೆಗಳ ತಟ್ಟೆ ಹಿಡಿದು ಮೇಲೆ ಬಂದ. ತಮ್ಮನಿಗೆ ಎರಡು ಮೊಳ ದೂರದಲ್ಲಿ ನಿಂತು ಕರಾಜನ ಕಡೆ ತಿರುಗಿದ.

"ಕರಾಜ, ಅಚ್ಚಿನವರಿಗೆ ಹೇಳು, ಬಿಲ್ಲೆ ಕಾದಿದೆ."

"ಬಿಲ್ಲೆಯವರಿಗೆ ಹೇಳಪ್ಪ, ಅಚ್ಚೂ ಕಾಯ್ತಿದೆ," ಎಂದ ದೆನ್ಹೊ.

ಕರಾಜ ದೆನ್ಹೊನ ಕಡೆ ತಿರುಗಿ ಗಂಭೀರವಾಗಿ, "ಉಸ್ತಾದ್, ನಿಮ್ಮಣ್ಣ ನಿಮಗೊಂದು ಮುತ್ತು ಕಳಿಸಿದ್ದಾರೆ," ಎಂದ. ಹನ್ನೊಂದು ವರ್ಷದಿಂದ ಇದೇ ತಮಾಷೆ. ಅಣ್ಣತಮ್ಮ ಯಾರೂ ನಗುತ್ತಿರಲಿಲ್ಲ, ಅವನೇ ನಕ್ಕುಕೊಳ್ಳುತ್ತಿದ್ದ.

ಹೊಸ ಅಚ್ಚಿನ ಮೊದಲ ನಾಣ್ಯಕ್ಕೆ ಒಂದು ಪದ್ಧತಿಯಿದೆ. ಬಿಲ್ಲೆ ಎರೆದವನೇ ಇಕ್ಕಳದಿಂದ ಅದನ್ನೆತ್ತಿ, ನೀರಿಗೆ ತೋರಿಸಿ, ಅಚ್ಚು ಕೊರೆದವನ ಅಂಗೈಯಲ್ಲಿ ಇಡಬೇಕು. ಬರ್ಸೊಮ್ ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿದ್ದ, ಕೊನೆಯದೊಂದನ್ನು ಬಿಟ್ಟು. ಅಂಗೈಯಲ್ಲಿ ಇಡುತ್ತಿರಲಿಲ್ಲ, ಕಲ್ಲುಕಟ್ಟೆಯ ಮೇಲಿಟ್ಟು ಇಳಿದುಹೋಗುತ್ತಿದ್ದ. ದೆನ್ಹೊ ಪ್ರತಿಸಲವೂ ಅಂಗೈ ಚಾಚಿದವನು ತಲೆ ಕೆರೆದುಕೊಳ್ಳಲು ಕೈ ಎತ್ತಿದವನಂತೆ ನಟಿಸಬೇಕಾಗುತ್ತಿತ್ತು. ಇವತ್ತು ಕೈ ಚಾಚುವುದೇ ಬೇಡ ಎಂದುಕೊಂಡ. ಕರಾಜ ಬಿಲ್ಲೆಯಿಟ್ಟು, ಮೇಲಚ್ಚು ಹಿಡಿದು, ಉಸಿರೆಳೆದು ಹೊಡೆದ. ನೆಲ ಅದುರಿತು. ದೆನ್ಹೊನ ಕೈ ತಾನಾಗಿಯೇ ಮುಂದೆ ಹೋಯಿತು, ಛೆ.

ಬರ್ಸೊಮ್ ಇಕ್ಕಳದಲ್ಲಿ ಎತ್ತಿದ. ನೀರು ಚುಯ್ ಎಂದಿತು. ನಾಣ್ಯವನ್ನು ಬೆಳಕಿನ ಕಡೆಗೆ ತೋಳು ನೀಳವಾಗುವಷ್ಟು ದೂರ ಹಿಡಿದು, ಕುತ್ತಿಗೆ ಹಿಂದಕ್ಕೆಳೆದುಕೊಂಡು ನೋಡಿದ. ನೋಡುತ್ತಲೇ ಇದ್ದ. ಮೊದಲು ಅವನ ಹೆಗಲು ಅಲುಗಿತು. ಆಮೇಲೆ ಹೊಟ್ಟೆ. ಅಳುತ್ತಿದ್ದಾನೇನೋ ಎಂದುಕೊಂಡ ದೆನ್ಹೊ. ಅಳುವಲ್ಲ. ಆ ನಗು ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಸೋದರಮಾವನ ಶವದ ಮುಂದೆ ಧೂಪ ಹಾಕುತ್ತಿದ್ದ ಪಾದ್ರಿಯ ಗಡ್ಡದ ತುದಿಗೆ ಬತ್ತಿಯ ಬೆಂಕಿ ತಗುಲಿ ಚಟಚಟ ಎಂದಾಗ, ಕಂಬದ ಹಿಂದೆ ಬಾಯಿಗೆ ತೋಳು ತುರುಕಿಕೊಂಡು ಇಬ್ಬರೂ ನಕ್ಕ ನಗು. ಆಮೇಲೆ ಅಮ್ಮ ಇಬ್ಬರಿಗೂ ಒಂದೇ ಕೋಲಿನಲ್ಲಿ ಬಾರಿಸಿದ್ದಳು. ಕೋಲು ಬೀಳುವಾಗಲೂ ನಗು ನಿಂತಿರಲಿಲ್ಲ.

"ಲೋ ದೆನ್ಹೊ," ಎಂದ ಬರ್ಸೊಮ್. "ಲೋ ಕತ್ತೆ!"

ಕರಾಜನ ಕೈಯಿಂದ ಮೇಲಚ್ಚು ಜಾರಿ ಕೆಳಗೆ ಬಿತ್ತು. ಮಾತು ನೇರವಾಗಿ ಬಂದಿತ್ತು, ನಡುವೆ ಯಾರೂ ಇಲ್ಲದೆ.

"ಏನಣ್ಣ?" ಎಂದಿತು ದೆನ್ಹೊನ ಬಾಯಿ. ಅಣ್ಣ ಎಂಬ ಪದ ಇನ್ನೂ ಅಲ್ಲೇ, ಹಲ್ಲಿನ ಹಿಂದೆಯೇ ಇತ್ತು, ಹುಡುಕಬೇಕಾಗಲಿಲ್ಲ.

"ಬೆನ್ನು ತಿರುಗಿಸ್ಕೊಂಡು ಕೂತವರನ್ನ ಸುತ್ತಿಗೇಲಿ ಹೊಡೆದ್ರೆ ಮುಖ ತಿರುಗಿಸ್ತಾರೇನೋ?"

ಒಂದು ಗಳಿಗೆ ದೆನ್ಹೊನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಹಿಮದ ನೀರು ಬೆನ್ನಿಗೆ ಸುರಿದ ಹಾಗೆ. ಅಚ್ಚಿನಲ್ಲಿ ಎಲ್ಲ ತಿರುವುಮುರುವು. ಎರಡು ತಲೆಗಳು ನಾಣ್ಯದಲ್ಲಿ ಎದುರುಬದುರು ಬರಬೇಕೆಂದರೆ ಅಚ್ಚಿನಲ್ಲಿ ಬೆನ್ನಿಗೆ ಬೆನ್ನು ಮಾಡಿರಬೇಕು ಎಂದು ಅವನ ಕೈ ಲೆಕ್ಕ ಹಾಕಿ ಕೊರೆದುಬಿಟ್ಟಿತ್ತು. ಮೂವತ್ತು ವರ್ಷ ತಿರುಗಿಸಿ ತಿರುಗಿಸಿ, ತಿರುಗಿಸಬಾರದ್ದನ್ನೂ ತಿರುಗಿಸಿತ್ತು. ಎಡದವನು ಬಲಕ್ಕೆ ಹೋಗುತ್ತಾನೆ, ಬಲದವನು ಎಡಕ್ಕೆ ಬರುತ್ತಾನೆ, ಅಷ್ಟೆ. ಬೆನ್ನು ಮಾಡಿದವರು ಬೆನ್ನು ಮಾಡಿಕೊಂಡೇ ಇರುತ್ತಾರೆ. ಬೋಗುಣಿಯ ಮುಂದೆ ಎರಡನೆಯ ದಿನ ಕೂತ ಮಗುವೂ ಮಾಡದ ತಪ್ಪು. ನಾಡಿದ್ದು ಮುಖ ನೋಡಲೆಂದು ಬರುವ ದಾಯಾದಿಯ ತಲೆಯ ಮೇಲೆ, ಬೆನ್ನು ತಿರುಗಿಸಿ ಕೂತ ಇಬ್ಬರು ಅರಸರು ಸುರಿಯುತ್ತಾರೆ. ಆಮೇಲೆ ಯಾರ ತಲೆ ಎಲ್ಲಿ ಉರುಳುತ್ತದೋ. ಇಷ್ಟೆಲ್ಲ ಗೊತ್ತಾದರೂ, ಆಶ್ಚರ್ಯ, ಅವನ ಮನಸ್ಸಿನ ಒಂದು ಮೂಲೆ ಕುಣಿಯುತ್ತಿತ್ತು: ಕತ್ತೆ ಎಂದ. ಅಣ್ಣ ನನ್ನನ್ನು ಕತ್ತೆ ಎಂದ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು. ಮುಹಜ್ಜಬ್ ಸಾಹೇಬರು, ಬಿಳಿ ಪೇಟ, ಬಿಳಿ ಗಡ್ಡ, ಹಿಂದೆ ಗುಲಾಬಿ ನೀರಿನ ವಾಸನೆ.

"ಎಲ್ಲಿ, ಮೊದಲನೇದು ತೋರಿಸಿ. ಕೋಟೆಯವರು ಬೆಳಗಿಂದ ಎರಡು ಸಲ ಆಳು ಕಳಿಸಿದ್ರು."

ಬರ್ಸೊಮ್ ನಾಣ್ಯವನ್ನು ಮುಷ್ಟಿಯೊಳಗೆ ಮುಚ್ಚಿದ್ದ; ಇನ್ನೂ ಬಿಸಿಯಿದ್ದಿರಬೇಕು, ಅವನ ಹುಬ್ಬು ನಡುಗುತ್ತಿತ್ತು.

"ಬಿಲ್ಲೆ ಒಡೆದೋಯ್ತು ಸಾಹೇಬ್ರೆ," ಎಂದ ಬರ್ಸೊಮ್. "ಸೀಸ ಜಾಸ್ತಿ ಬಿದ್ದಿದೆ. ನನ್ನದೇ ತಪ್ಪು. ಮತ್ತೆ ಎರೀಬೇಕು. ನಾಳೆ ಬೆಳಗ್ಗೆ ತನಕ ಬಿಡಿ."

"ನಿನ್ನ ತಪ್ಪು!" ಸಾಹೇಬರು ಕೋಲು ಕುಟ್ಟಿದರು. "ಹನ್ನೊಂದು ವರ್ಷದ ಹಿಂದೆ ಕಣ್ಣು ಹೋಯ್ತು, ಹೋಗಲಿ ಪಾಪ ಅಂತ ಕುಲುಮೆಗೆ ಹಾಕಿದೆ. ಈಗ ಕೈಯೂ ಹೋಯ್ತೋ? ಬಿಲ್ಲೆ ಎರೆಯೋಕೂ ಬರದ ಮುದುಕನ್ನ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕಲಾ?"

"ಹೌದು ಸಾಹೇಬ್ರೆ," ಎಂದ ಬರ್ಸೊಮ್, ತಲೆ ತಗ್ಗಿಸಿ.

ಆ 'ಹೌದು' ದೆನ್ಹೊನಿಗೆ ತಡೆಯಲಾಗಲಿಲ್ಲ. ಅಣ್ಣನ ಬಗ್ಗಿದ ಕುತ್ತಿಗೆ ಎರಡು ಮೊಳ ದೂರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು: ಕುಲುಮೆಯ ಕಿಡಿ ಹಾರಿ ಬಿದ್ದ ಸಣ್ಣ ಸಣ್ಣ ಕಲೆಗಳು, ಹನ್ನೊಂದು ವರ್ಷದವು, ಎಣಿಸಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಪೀಠ ಉಳಿಯುತ್ತದೆ. ಯಾರೂ ಕೇಳುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇನ್ನೊಂದಷ್ಟು ವರ್ಷ ಕುಡಿಯಬಹುದು. ದ್ರಾಕ್ಷಿರಸದ ಸಿಹಿ ಎಲ್ಲಿಂದಲೋ ಬಂದು ಗಂಟಲಲ್ಲಿ ಹುಳಿಯಾಯಿತು.

"ಸುಳ್ಳು ಸಾಹೇಬ್ರೆ," ಎಂದ ದೆನ್ಹೊ. ದನಿ ತನ್ನದಲ್ಲವೆಂಬಷ್ಟು ಜೋರಾಗಿತ್ತು. "ಬಿಲ್ಲೆ ಚೆನ್ನಾಗೇ ಇದೆ. ತಪ್ಪು ನಂದು. ಅಚ್ಚು ತಪ್ಪಾಗಿದೆ. ನನಗೂ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು. ಅವತ್ತು ಅಣ್ಣನ ಮೇಲೆ ಚಾಡಿ ಹೇಳಿದವನಿಗೆ ದೇವರು ಅದೇ ಕಣ್ಣು ಕೊಟ್ಟ."

"ಥೂ, ಬಾಯಿ ಮುಚ್ಚೋ," ಎಂದು ಬರ್ಸೊಮ್ ಹಲ್ಲು ಕಚ್ಚಿದ. "ಎಲ್ಲ ಸರಿಹೋಗ್ತಿತ್ತು."

ಸಾಹೇಬರು ಒಬ್ಬರ ನಂತರ ಒಬ್ಬರನ್ನು ನೋಡಿ, ಕೈ ಚಾಚಿದರು. ಬರ್ಸೊಮ್ ಬೇರೆ ದಾರಿಯಿಲ್ಲದೆ ನಾಣ್ಯ ಕೊಟ್ಟ. ಸಾಹೇಬರು ಅದನ್ನು ಮೂಗಿನ ಹತ್ತಿರ ತಂದರು, ದೂರ ಒಯ್ದರು, ಮತ್ತೆ ಹತ್ತಿರ ತಂದು ಓರೆ ಮಾಡಿದರು, ಗಂಟಲು ಸರಿಮಾಡಿಕೊಂಡರು.

"ಏನು ತಪ್ಪು? ಚೆನ್ನಾಗೇ ಇದೆಯಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡಿದ್ದಾರೆ. ಎಷ್ಟು ಪ್ರೀತಿ ಇದೆ ಕಣ್ಣಲ್ಲಿ!"

ಕರಾಜ ಗೋಡೆಯ ಕಡೆ ತಿರುಗಿ ಕೆಮ್ಮತೊಡಗಿದ. ಕೆಮ್ಮು ನಿಲ್ಲಲೊಲ್ಲದು, ಬಾಗಿಲಿನಷ್ಟು ಅಗಲದ ಬೆನ್ನು ಕುಣಿಯುತ್ತಿತ್ತು.

"ಸಾಹೇಬ್ರೆ," ಎಂದ ಬರ್ಸೊಮ್ ಮೆಲ್ಲಗೆ, "ನೀವು ಕಣ್ಣು ಅಂತ ನೋಡ್ತಿರೋದು ತಲೆ ಹಿಂದಿನ ಗುಂಗುರು."

ಮುಹಜ್ಜಬ್ ಸಾಹೇಬರ ಮುಖ ಪೇಟದ ಕೆಳಗೆ ಕೆಂಪಾಗಿ, ಆಮೇಲೆ ಬಿಳುಪಾಗಿ, ಕೊನೆಗೆ ಅವರದೇ ಬಣ್ಣಕ್ಕೆ ಬಂತು. ದೆನ್ಹೊನಿಗೆ ಆಗ ಹೊಳೆಯಿತು: ಅಣ್ಣನನ್ನು ಕೆಳಗಿಳಿಸಿದವರು ತಾವೇ ಎಷ್ಟು ವರ್ಷದಿಂದ ಏನೂ ಕಾಣದೆ 'ಭೇಷ್' ಎನ್ನುತ್ತಿದ್ದರೋ! ಕಿವಿಯಿಲ್ಲದ್ದನ್ನು ಹೇಗೆ ತಾನೆ ಹಿಡಿದಾರು? ಮೂರು ವರ್ಷ ತಾನು ಯಾರಿಗೆ ಹೆದರಿ ನಿದ್ದೆಗೆಟ್ಟಿದ್ದೆ?

"ನಾನು ಇವತ್ತು ಇಲ್ಲಿಗೆ ಬಂದೇ ಇಲ್ಲ," ಎಂದರು ಸಾಹೇಬರು ಬಾಗಿಲ ಕಡೆ ಹೊರಡುತ್ತ. "ನಾಳೆ ಬೆಳಗ್ಗೆ ಬರ್ತೀನಿ. ಅಷ್ಟರಲ್ಲಿ ಇಬ್ಬರೂ ಕೂತು ಸರಿಮಾಡಿ. ಎರಡು ಅರೆಗಣ್ಣು ಸೇರಿದ್ರೆ ಒಂದಾಗತ್ತೆ. ಮತ್ತೆ ಕರಾಜ, ಕೆಮ್ಮಿಗೆ ಜೇನು ತಿನ್ನು. ಹೊರಗೆ ಹೋಗಿ ಕೆಮ್ಮಬೇಡ. ಅರ್ಥ ಆಯ್ತಾ?"

ಕೋಲಿನ ಸದ್ದು ಓಣಿಯಲ್ಲಿ ತಿರುಗಿ ಮರೆಯಾಗುವವರೆಗೂ ಮೂವರೂ ನಗು ತಡೆದುಕೊಂಡರು. ಆಮೇಲೆ ತಡೆಯಲಿಲ್ಲ.

ಅಚ್ಚಿನ ಮುಖವನ್ನು ಮರಳುಗಲ್ಲಿಗೆ ಉಜ್ಜಿ ಸಪಾಟು ಮಾಡಿದ್ದು ಬರ್ಸೊಮ್. ಎರಡು ದಿನದ ಕೆಲಸ ಊಟದ ಹೊತ್ತಿಗೆ ಬೂದಿಬಣ್ಣದ ಕೆಸರಾಗಿ ಹರಿದುಹೋಯಿತು. ದೆನ್ಹೊನಿಗೆ ಒಂದು ಚೂರೂ ಬೇಸರವಾಗಲಿಲ್ಲ. ಶಮುನಿ ಕಳಿಸಿದ ಬುತ್ತಿಯನ್ನು ಹಂಚಿಕೊಂಡು ತಿಂದರು. ನಡುವೆ ಅಚ್ಚಿಟ್ಟುಕೊಂಡು ಆಚೆ ಒಬ್ಬ ಈಚೆ ಒಬ್ಬ ಕೂತರು, ಒಬ್ಬೊಬ್ಬನಿಗೆ ಒಂದೊಂದು ತಲೆ, ತನ್ನ ಕಡೆಯದು. ದೆನ್ಹೊ ಹನ್ನೊಂದು ವರ್ಷದ ಹಿಂದಿನ ಬಟ್ಟೆಯ ಗಂಟನ್ನು ಪೀಠದ ಕೆಳಗಿನಿಂದ ತೆಗೆದ. ಅದನ್ನು ಅವನು ಬಿಚ್ಚಿಯೇ ಇರಲಿಲ್ಲ.

"ತುಕ್ಕು ಹಿಡಿದಿಲ್ವಲ್ಲೋ," ಎಂದ ಬರ್ಸೊಮ್ ಉಳಿಯೊಂದನ್ನು ಮುಟ್ಟಿ ನೋಡಿ.

"ವರ್ಷಕ್ಕೊಂದು ಸಲ ಗಂಟಿನ ಮೇಲೇ ಎಣ್ಣೆ ಹಾಕ್ತಿದ್ದೆ."

ಬರ್ಸೊಮ್ ಉಳಿಯ ಮೊನೆ ಒರೆಸಿಕೊಂಡು ಕೆಲಸ ಶುರುಮಾಡಿದ. ಹೊತ್ತು ಸರಿಯುತ್ತಿತ್ತು, ಕಿಟಕಿಯ ಬೆಳಕು ಅಚ್ಚಿನ ಮೇಲಿಂದ ಅಣ್ಣನ ಮಂಡಿಗೆ, ಮಂಡಿಯಿಂದ ನೆಲಕ್ಕೆ ಇಳಿಯುತ್ತಿತ್ತು. ಕಂಚಿನ ಎಳೆಗಳು ಸುರುಳಿ ಸುರುಳಿಯಾಗಿ ಬೀಳುತ್ತಿದ್ದವು. ಸುಖ ಎಂದರೆ ಇದೇ ಇರಬೇಕು, ಇಷ್ಟೇ ಇರಬೇಕು ಎಂದು ದೆನ್ಹೊನಿಗೆ ಅನ್ನಿಸಿತು: ಎದುರಿಗೆ ಇನ್ನೊಬ್ಬನ ಉಸಿರು. ಅವನ ಅರಸನ ಮೂಗು, ಗದ್ದ ಆಯಿತು. ಗುಂಗುರು ಎಳೆಯಲು ಉಳಿ ಇಟ್ಟ.

"ಕಿವಿ," ಎಂದ ಬರ್ಸೊಮ್ ತಲೆ ಎತ್ತದೆ.

"ಏನು?"

"ಮೂರು ವರ್ಷದಿಂದ ನೋಡ್ತಿದ್ದೀನಿ. ಒಬ್ಬ ಅರಸನಿಗೂ ಕಿವಿ ಇಲ್ಲ. ನಿಂಗೂ ಬಂತು ಈ ಕಣ್ಣು ಅಂತ ಮೊದಲನೇ ಗುಂಗುರು ನೋಡಿದಾಗ್ಲೇ ಗೊತ್ತಾಯ್ತು. ಬೇಕಿದ್ರೆ ನಾನೂ ಹೋಗಿ ಸಾಹೇಬರ ಹತ್ರ ದ್ರಾಕ್ಷಿರಸ ಕುಡೀಬಹುದಾಗಿತ್ತು."

ದೆನ್ಹೊನ ಕೈ ನಿಂತಿತು. "ಯಾಕೆ ಕುಡೀಲಿಲ್ಲ?"

"ಹಲ್ಲಿಗೆ ಜುಮ್ಮನ್ನತ್ತೆ," ಎಂದ ಬರ್ಸೊಮ್. "ಕಿವಿ ಉಗುರಿಗೆ ಸಿಗಲ್ಲ ಕಣೋ ಪೆದ್ದ. ನಾಲಿಗೆಗೆ ಸಿಗತ್ತೆ. ಕೊಡಿಲ್ಲಿ."

ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಪುಡಿ ಊದಿ, ನಾಲಿಗೆಯ ತುದಿಯಿಂದ ಅರಸನ ಕೆನ್ನೆಯ ಹಿಂದಿನ ತಗ್ಗನ್ನು ಮುಟ್ಟಿ ನೋಡಿದ, ಉಳಿಯಲ್ಲಿ ಕೂದಲೆಳೆಯಷ್ಟು ತೆಗೆದ, ಮತ್ತೆ ನಾಲಿಗೆ. "ಹೀಗೆ. ನಾಲಿಗೆಗೆ ಸಾಸಿವೆ ಕಾಳೂ ಬೆಟ್ಟ ಅನ್ಸತ್ತೆ. ನನ್ನ ಕಣ್ಣು ಹೋದ ಎರಡನೇ ವರ್ಷ ಇದನ್ನ ಕಂಡ್ಕೊಂಡೆ. ನಿಂಗೆ ಹೇಳಿಕೊಡೋಣ ಅಂತ ಇದ್ದೆ. ಅಷ್ಟರಲ್ಲಿ ನೀನು ಸಾಹೇಬರ ಮನೆಗೆ ಹೋದೆ."

ಆ ಮಾತಿನಲ್ಲಿ ಮೊನೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ದೆನ್ಹೊ ಅಚ್ಚನ್ನು ತೆಗೆದುಕೊಂಡು ತನ್ನ ನಾಲಿಗೆ ಇಟ್ಟ. ಕಂಚಿನ ಕಹಿ, ಉಪ್ಪು, ಅಣ್ಣನ ಎಂಜಲಿನ ತಂಪು. ಅಲ್ಲಿ ಒಂದು ಕಿವಿ ಇತ್ತು. ಸುಳಿಯೊಳಗೆ ಸುಳಿ, ಹಾಲೆಯ ಸಣ್ಣ ಗುಂಡು ಕೂಡ. ಮೂರು ವರ್ಷದ ಮೇಲೆ ಕಿವಿಯೊಂದು ಸಿಕ್ಕ ಖುಷಿಗೆ ಅವನ ಕಣ್ಣು ತುಂಬಿ, ಹೇಗೂ ಕಾಣದಿದ್ದದ್ದು ಇನ್ನೂ ಕಾಣದಾಯಿತು.

"ತಪ್ಪಾಯ್ತಣ್ಣ," ಎಂದ.

"ಗೊತ್ತು. ಅಚ್ಚಿನ ಮೇಲೆ ಕಣ್ಣೀರು ಹಾಕ್ಬೇಡ, ಕಿಲುಬು ಹಿಡಿಯತ್ತೆ."

ಮರುದಿನ ಬೆಳಗ್ಗೆ ಕರಾಜ ಹೊಡೆದ. ಬರ್ಸೊಮ್ ಇಕ್ಕಳದಲ್ಲಿ ಎತ್ತಿ, ನೀರಿಗೆ ತೋರಿಸಿ, ತಮ್ಮನ ಅಂಗೈಯಲ್ಲಿ ಇಟ್ಟ. ನೀರಿಗೆ ಸಾಕಷ್ಟು ಹೊತ್ತು ತೋರಿಸಿರಲಿಲ್ಲ. ದೆನ್ಹೊ 'ಹಾ' ಎಂದು ಕುಣಿದರೂ ನಾಣ್ಯ ಕೆಳಗೆ ಬಿಡಲಿಲ್ಲ. ಇಬ್ಬರು ಅರಸರು ಎದುರುಬದುರಾಗಿದ್ದರು. ತೀರ ಎದುರಾಗಿದ್ದರು, ಎರಡು ಕಡೆಯಿಂದ ಕೊರೆಯುತ್ತ ಇಬ್ಬರೂ ಒಂದೊಂದು ಎಳೆ ಹೆಚ್ಚು ಮುಂದೆ ಬಂದಿದ್ದರಿಂದ ಮೂಗಿಗೆ ಮೂಗು ತಾಗುವಂತಿತ್ತು.

"ಇಷ್ಟು ಹತ್ತಿರ ಬಂದ್ರೆ ಒಬ್ಬರಿಗೊಬ್ಬರು ಕಾಣ್ತಾರಾ?" ಎಂದು ಕೇಳಿದ ಕರಾಜ.

"ನಮ್ಮ ವಯಸ್ಸಿನವರಾದ್ರೆ ಕಾಣಲ್ಲ," ಎಂದ ಬರ್ಸೊಮ್.

ಮೂರನೆಯ ದಿನ ಹೆಬ್ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ನಗಾರಿ, ಕಹಳೆ, ಧೂಳು, ಹುರಿದ ಕಡಲೆಯ ವಾಸನೆ. ದಾಯಾದಿಯ ಕುದುರೆ ಕಮಾನಿನ ಕೆಳಗೆ ಬಂದದ್ದೇ ತಡ ಬುರುಜಿನ ಮೇಲಿನಿಂದ ತಟ್ಟೆಗಟ್ಟಲೆ ತಾಮ್ರ ಬಿಸಿಲಿನಲ್ಲಿ ಕೆಂಪಗೆ ಸುರಿಯಿತು, ಜನ ಹೋ ಎಂದು ಕೈ ಎತ್ತಿದರು, ಹೆಂಗಸರು ಸೆರಗು ಹಿಡಿದರು. ಶಮುನಿ ಎಲ್ಲರಿಗಿಂತ ಮುಂದೆ. "ಏನ್ರೀ, ಸುಮ್ನೆ ನಿಂತಿದ್ದೀರಾ, ಆರಿಸಿ!" ಎಂದು ಕೂಗಿ, "ಬೇಡ ಬಿಡಿ, ನೀವು ಆರಿಸಿದ್ರೆ ಕಲ್ಲೇ ಸಿಗತ್ತೆ," ಎಂದು ತಾನೇ ಬಗ್ಗಿದಳು. ದೆನ್ಹೊ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದ. ಬೀಳುವ ಒಂದೊಂದು ನಾಣ್ಯವೂ ದೂರದಲ್ಲಿದ್ದಾಗ ಎಷ್ಟು ಚೆನ್ನಾಗಿ ಕಾಣುತ್ತಿತ್ತು, ಹತ್ತಿರ ಬಂದಂತೆ ಮಾಯ. ಹಾಗೆ ಮಾಯವಾದದ್ದೊಂದು ಟಣ್ಣನೆ ಅವನ ಹಣೆಗೆ ಹೊಡೆಯಿತು.

"ಅಯ್ಯಯ್ಯೋ!" ಎಂದು ಪಕ್ಕದಲ್ಲಿದ್ದ ಬರ್ಸೊಮ್ ಅವನ ಎರಡೂ ಹೆಗಲು ಹಿಡಿದ. "ತೋರಿಸು. ರಕ್ತ ಬಂತಾ?"

"ನೀನೇ ನೋಡಿ ಹೇಳು."

ಬರ್ಸೊಮ್ ನೋಡಿದ, ಕಾಣಲಿಲ್ಲ. ತಮ್ಮನನ್ನು ಹಿಂದಕ್ಕೆ ತಳ್ಳಿದ. ಸಾಲಲಿಲ್ಲ, ಇನ್ನೂ ತಳ್ಳಿದ, ತೋಳುಗಳು ಪೂರ್ತಿ ನೀಳವಾಗುವವರೆಗೆ, ಆಮೇಲೆ ತನ್ನ ಕುತ್ತಿಗೆಯನ್ನೂ ಹಿಂದಕ್ಕೆಳೆದುಕೊಂಡ. ಹೆಗಲು ಮಾತ್ರ ಬಿಡಲಿಲ್ಲ. ಸುತ್ತ ಜನ ನುಗ್ಗಿದರೂ, ಯಾರೋ ಕಾಲು ತುಳಿದರೂ, ಹಾಗೇ ಹಿಡಿದುಕೊಂಡು ನೋಡುತ್ತಿದ್ದ. ಹಣೆ ನೋಡಿದ. ಆಮೇಲೆ ಹಣೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ.

"ಈಗ ಕಾಣ್ತು," ಎಂದ. "ಲೋ, ಗಡ್ಡವೆಲ್ಲ ಬೆಳ್ಳಗಾಗಿದೆಯಲ್ಲೋ. ಯಾವಾಗ ಆಯ್ತು ಇದು?"

ದೆನ್ಹೊ, ಅಣ್ಣ ನೋಡಿ ಮುಗಿಸಲಿ ಎಂದು ಅಲ್ಲಾಡದೆ ನಿಂತುಕೊಂಡ.